ಅಕ್ಕೋರು ಕೊಟ್ಟ ಹಾಜರಿ

ಕೆಲಸಕ್ಕೆ ಸೇರಿದ ಮೂರನೇ ವಾರದಲ್ಲೇ ನಾನು ನಮ್ಮ ಕಮ್ಯುನಿಟಿ ಕಾಲೇಜು ಡಿಸ್ಟ್ರಿಕ್ಟನ್ನು ಇಡೀ ಕ್ಯಾಲಿಫೋರ್ನಿಯಾದಲ್ಲಿ ಅತಿ ದೊಡ್ಡದು ಮಾಡಿಬಿಟ್ಟೆ. ಹಾಜರಿ ಹಾಳೆಗಳ ಗಂಟೆಗಳನ್ನು ಕೂಡುವಾಗ ಪ್ರತಿ ಹಾಳೆಯ ನೆತ್ತಿಯಲ್ಲಿದ್ದ ಇಸವಿಯನ್ನೂ ಸೇರಿಸಿಕೊಂಡು ಕೂಡಿದ್ದೆ. ಒಂದೊಂದು ತರಗತಿಗೂ ಸಾವಿರದ ಒಂಬೈನೂರ ಎಂಬತ್ತನಾಲ್ಕು ಗಂಟೆ ಪುಕ್ಕಟೆ. ಕೂಡುವ ಮೆಷೀನಿನಿಂದ ಹೊರಟ ಕಾಗದದ ಪಟ್ಟಿ ನನ್ನ ಮೇಜಿಳಿದು, ಕಂಟ್ರೋಲರ್ ಮೇಡಂ ಕುರ್ಚಿಯ ಕೆಳಗೆ ನುಸುಳಿ, ಬಾಗಿಲು ದಾಟಿ ಕಾರಿಡಾರಿನಲ್ಲಿ ನೀರು ಕುಡಿಯುವ ನಲ್ಲಿಯವರೆಗೂ ಹೋಗಿತ್ತು. ಆಕೆ ಅದರ ಬಾಲ ಹಿಡಿದು, ಉಲ್ಲನ್ನಿನ ಉಂಡೆಯ ಹಾಗೆ ಸುತ್ತುತ್ತಾ ಬಂದು ನನ್ನ ಮುಂದಿಟ್ಟರು.

"ನಿನ್ನ ಲೆಕ್ಕದಲ್ಲಿ ಈ ಊರಲ್ಲಿರೋ ಜನಕ್ಕಿಂತ ನಮ್ಮ ಸ್ಟೂಡೆಂಟ್ಸೇ ಜಾಸ್ತಿ" ಅಂದರು. "ಕಂಗ್ರಾಜುಲೇಷನ್ಸ್."

ಡಿಸ್ಟ್ರಿಕ್ಟ್ ಎಂದರೆ ಒಂದೇ ಆಡಳಿತದ ಕೆಳಗಿರುವ ಕೆಲವು ಸರಕಾರಿ ಕಾಲೇಜುಗಳ ಗುಂಪು, ಕಂಟ್ರೋಲರ್ ಎಂದರೆ ಅದರ ಲೆಕ್ಕಪತ್ರಕ್ಕೆಲ್ಲ ಮೇಲಿನವರು. ಐವತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ಸರಪಳಿ, ನಗುವುದು ವರ್ಷಕ್ಕೆ ಒಂದೆರಡು ಸಲ. ಅವತ್ತು ನಗಲಿಲ್ಲ. ನನ್ನನ್ನು ಕೆಲಸದಿಂದ ತೆಗೆಯಲೂ ಇಲ್ಲ. ಮಾರನೆಯ ತಿಂಗಳು ಟ್ರಸ್ಟಿಗಳ ಮಂಡಳಿಯ ಸಭೆಯಲ್ಲಿ ಪ್ರೊಜೆಕ್ಟರಿನ ಮೇಲೆ ಪ್ಲಾಸ್ಟಿಕ್ ಹಾಳೆ ಬದಲಿಸುವ ಕೆಲಸ ಕೊಟ್ಟರು. ಅದರಲ್ಲಿ ತಪ್ಪು ಮಾಡಲು ಏನಿದೆ ಎಂದು ಅವರು ಅಂದುಕೊಂಡಿರಬೇಕು. ನಾನು ಗ್ರಾಫನ್ನು ಮಗುಚಿ ಇಟ್ಟೆ. ಕುಸಿಯುತ್ತಿದ್ದ ವಿದ್ಯಾರ್ಥಿಗಳ ಸಂಖ್ಯೆ ಗೋಡೆಯ ಮೇಲೆ ಎಡದಿಂದ ಬಲಕ್ಕೆ ಸೊಗಸಾಗಿ ಏರುತ್ತಾ ಹೋಯಿತು. ಅರ್ಧ ನಿಮಿಷ ಏಳು ಜನ ಟ್ರಸ್ಟಿಗಳು ಇಷ್ಟು ಸುಖವಾಗಿದ್ದದ್ದನ್ನು ನಾನು ಮತ್ತೆ ಕಾಣಲಿಲ್ಲ.

ಸಂಖ್ಯೆ ಕುಸಿಯುವುದು ತಮಾಷೆಯ ಮಾತಾಗಿರಲಿಲ್ಲ. ಆ ವರ್ಷ ಮೊದಲ ಸಲ ರಾಜ್ಯದವರು ಕಮ್ಯುನಿಟಿ ಕಾಲೇಜಿನ ವಿದ್ಯಾರ್ಥಿಗಳಿಗೆ ಫೀ ಹಾಕಿದ್ದರು. ಜನ ಬರುವುದು ಕಡಿಮೆಯಾಗಿತ್ತು. ನಮಗೆ ದುಡ್ಡು ಬರುತ್ತಿದ್ದದ್ದು ತಲೆ ಎಣಿಕೆಯ ಮೇಲೆ. ಫೀ ಇಲ್ಲದ ತರಗತಿಗಳೂ ಇದ್ದವು: ವಯಸ್ಸಾದವರಿಗೆ, ಹೊಸದಾಗಿ ದೇಶಕ್ಕೆ ಬಂದವರಿಗೆ ಇಂಗ್ಲಿಷು ಕಲಿಸುವಂಥವು. ಅಲ್ಲಿ ಎಣಿಕೆ ಇನ್ನೂ ಬಿಗಿ. ಯಾರು ಯಾವ ದಿನ ಎಷ್ಟು ಗಂಟೆ ಕೂತರು ಎಂದು ಟೀಚರು ಹಾಳೆಯ ಚೌಕದಲ್ಲಿ ಬರೆಯಬೇಕು. ಮೂರು ಗಂಟೆ ಕೂತರೆ '೩'. ಬಾರದಿದ್ದರೆ ಚೌಕ ಖಾಲಿ. ಆ ಗಂಟೆಗಳನ್ನೆಲ್ಲ ಕೂಡಿ ರಾಜ್ಯಕ್ಕೆ ಕಳಿಸುತ್ತಿದ್ದೆವು, ರಾಜ್ಯ ಅದಕ್ಕೆ ತಕ್ಕಂತೆ ದುಡ್ಡು ಕೊಡುತ್ತಿತ್ತು. ಕಡೆಯಲ್ಲಿ ಡಿಸ್ಟ್ರಿಕ್ಟಿನ ಮುಖ್ಯಸ್ಥರು 'ಇದು ಸುಳ್ಳಾದರೆ ಶಿಕ್ಷೆಗೆ ನಾನು ಬದ್ಧ' ಎಂಬ ಸಾಲಿನ ಕೆಳಗೆ ಸಹಿ ಹಾಕುತ್ತಿದ್ದರು.

ಹಿಂದಿನ ವರ್ಷ ಹೊರಗಿನ ಆಡಿಟರುಗಳು ಒಂದು ಆಕ್ಷೇಪ ಬರೆದಿಟ್ಟು ಹೋಗಿದ್ದರು. ಕಂಪ್ಯೂಟರಿಗೆ ಹೋಗುವ ಗಂಟೆಗಳನ್ನು ಮೂಲ ಹಾಳೆಗಳ ಜೊತೆ ಇಲ್ಲಿ ಯಾರೂ ತಾಳೆ ನೋಡುವುದಿಲ್ಲ ಎಂದು. ಮಂಡಳಿಯ ಹಣಕಾಸು ಸಮಿತಿಗೆ ಕಂಟ್ರೋಲರ್ ಮಾತು ಕೊಟ್ಟಿದ್ದರು: ಏಪ್ರಿಲ್ ವರದಿಗೆ ಸಹಿ ಬೀಳುವ ಮೊದಲು ಮೂವತ್ತು ತರಗತಿಗಳ ಹಾಳೆ ತೆಗೆದು ನೋಡುತ್ತೇವೆ. ಯಾರಿಗೂ ಬೇಡವಾದ ಕೆಲಸ ಅದು. ಹಾಗಾಗಿ ನನಗೆ ಬಂತು.

ಇಲ್ಲಿ ನನ್ನ ವಾಸದ ವಿಷಯ ಎರಡು ಮಾತು ಹೇಳಬೇಕು. ಸನ್ನಿವೇಲ್‌ನಲ್ಲಿ ಒಂದು ಅಪಾರ್ಟ್‌ಮೆಂಟು, ಜೊತೆಗೆ ಇಬ್ಬರು ಎಂಜಿನಿಯರುಗಳು. ಇಬ್ಬರೂ ಕಂಪ್ಯೂಟರಿನ ಚಿಪ್ಪು ತಯಾರಿಸುವ ಕಂಪನಿಗಳಲ್ಲಿ ಪಾಳಿಯ ಕೆಲಸದವರು. ಅವರ ಮುಖಕ್ಕಿಂತ ಅವರು ಸಿಂಕಿನಲ್ಲಿ ಬಿಟ್ಟುಹೋಗುತ್ತಿದ್ದ ತಟ್ಟೆಗಳ ಪರಿಚಯ ನನಗೆ ಹೆಚ್ಚಿತ್ತು. ಒಬ್ಬನ ತಟ್ಟೆಯಲ್ಲಿ ಕೆಚಪ್ಪು, ಇನ್ನೊಬ್ಬನದರಲ್ಲಿ ಮೊಸರು. ಮೊಸರಿನವನಿಗೆ ಮದುವೆ ಗೊತ್ತಾದದ್ದು ನನಗೆ ತಿಳಿದದ್ದು ಫ್ರಿಜ್ಜಿನ ಮೇಲೆ ಅಂಟಿಸಿದ್ದ ಚೀಟಿಯಿಂದ. ನಾನೂ ಕೆಳಗೆ 'ಶುಭವಾಗಲಿ' ಎಂದು ಬರೆದು, ಹಾಲು ಮುಗಿದಿದೆ ಎಂದೂ ಸೇರಿಸಿದೆ. ಬೆಳಿಗ್ಗೆ ಕೊಲ್ಲಿಯ ಮೇಲಿನ ಸೇತುವೆ ದಾಟಿ ಆಫೀಸಿಗೆ ಹೋಗುವುದು, ಸಂಜೆ ಟೋಲು ಕೊಟ್ಟು ಸೇತುವೆ ದಾಟಿ ವಾಪಸು ಬರುವುದು. ಆಫೀಸಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ. ನಗಿಸದ ದಿನ ಯಾರೂ ನನ್ನ ಜೊತೆ ಮಾತಾಡುವುದಿಲ್ಲ ಎಂಬುದನ್ನು ಕಂಡುಕೊಂಡಿದ್ದರಿಂದ, ಒಂದು ದಿನವನ್ನೂ ಬಿಡುತ್ತಿರಲಿಲ್ಲ.

ಇಂಥದ್ದರಲ್ಲಿ ಸಿಕ್ಕವರು ಅಕ್ಕೋರು. ಒಂದು ಮಧ್ಯಾಹ್ನ ಕೌಂಟರಿನ ಹಿಂದೆ ಕೂತು ಬಾಯಲ್ಲಿ ಮಗ್ಗಿ ಹೇಳಿಕೊಂಡು ಗುಣಿಸುತ್ತಿದ್ದೆ. ಮೆಷೀನು ನನ್ನ ಮೇಲೆ ಮುನಿಸಿಕೊಂಡಿತ್ತು. "ಏಳೆಂಟ್ಲೆ ಐವತ್ನಾಲ್ಕು" ಅಂದೆ. "ಐವತ್ತಾರು" ಅಂತ ಕೌಂಟರಿನ ಆಚೆಯಿಂದ ದನಿ ಬಂತು, ಕನ್ನಡದಲ್ಲಿ. ತಲೆ ಎತ್ತಿದರೆ ರೇಷ್ಮೆ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡ ಹೆಂಗಸು, ಕೈಯಲ್ಲಿ ಸಂಬಳದ ಚೆಕ್ಕು. ಧಾರವಾಡದ ಕಡೆಯವರು, ಅಲ್ಲಿ ವರ್ಷಗಟ್ಟಲೆ ಕಾಲೇಜಿನಲ್ಲಿ ಇಂಗ್ಲಿಷು ಕಲಿಸಿದವರು. ಗಂಡನ ಜೊತೆ ಈ ದೇಶಕ್ಕೆ ಬಂದು ಎರಡು ವರ್ಷ ಸುಮ್ಮನೆ ಕೂತು, ಪರೀಕ್ಷೆಗಳನ್ನೆಲ್ಲ ಬರೆದು, ಕಡೆಗೆ ನಮ್ಮ ಡಿಸ್ಟ್ರಿಕ್ಟಿನ ಒಂದು ತರಗತಿಗೆ ಗಂಟೆ ಲೆಕ್ಕದ ಟೀಚರಾಗಿದ್ದರು. ಒಂದು ಚರ್ಚಿನ ಹಾಲಿನಲ್ಲಿ ಸೋಮವಾರದಿಂದ ಗುರುವಾರದವರೆಗೆ ಬೆಳಿಗ್ಗೆ ಮೂರು ಮೂರು ಗಂಟೆ, ಎಲ್ಲಾ ಅಜ್ಜ ಅಜ್ಜಿಯರು. ಆಕೆಯ ಊರಿನ ಕಡೆ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ. ನಾನೂ ಹಾಗೇ ಕರೆದೆ. ಆಕೆಗೆ ಬಹಳ ಖುಷಿಯಾಯಿತು. "ಈ ದೇಶದಾಗ ಹಿಂಗ ಕರದಾಂವ ನೀನ ಮೊದಲನೇದಾಂವ ನೋಡು ತಮ್ಮಾ" ಅಂದರು.

ಮನೆ ನನ್ನ ಅಪಾರ್ಟ್‌ಮೆಂಟಿನಿಂದ ಎರಡೇ ಬೀದಿ ಆಚೆ. ಆ ಭಾನುವಾರವೇ ಫೋನು ಬಂತು, ಊಟಕ್ಕೆ ಬಾ ಎಂದು. ಆಮೇಲೆ ಪ್ರತಿ ಭಾನುವಾರ ಹತ್ತು ಗಂಟೆಗೆ ಫೋನು ಬರುತ್ತಿತ್ತು. ಊರಿಂದ ಬಂದವರ ಪೆಟ್ಟಿಗೆಯಲ್ಲಿ ತರಿಸಿಟ್ಟ ಜೋಳದ ಹಿಟ್ಟನ್ನು ಆಕೆ ಅಳೆದಳೆದು ಬಳಸುತ್ತಿದ್ದರು, ನನಗೆ ಮಾತ್ರ ಅಳೆಯುತ್ತಿರಲಿಲ್ಲ. ಗಂಡ ಮಿತಭಾಷಿ. ಪೇಪರಿನ ಹಿಂದಿನಿಂದ "ಬಂದ್ಯಾ" ಅನ್ನುವುದು, ಹೊರಡುವಾಗ "ಹೊಂಟ್ಯಾ" ಅನ್ನುವುದು. ಇಷ್ಟಾದರೂ ವಾರದ ಏಳು ದಿನದಲ್ಲಿ ನನ್ನ ಬರುವಿಕೆ ಹೋಗುವಿಕೆಯನ್ನು ಗಮನಿಸುತ್ತಿದ್ದ ಬೇರೆ ಮನುಷ್ಯ ಇರಲಿಲ್ಲ.

ಊಟದ ಜೊತೆ ನನ್ನ ಪರಾಕ್ರಮಗಳನ್ನು ಬಡಿಸುತ್ತಿದ್ದೆ. ಒಂದು ಸಲ ಮೈಸೂರಿನಲ್ಲಿ ಬಿ.ಕಾಂ. ಓದುವಾಗಿನ ಕಥೆ ಹೇಳಿದೆ. ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂದಿದ್ದರು. ಸ್ಟ್ಯಾಟಿಸ್ಟಿಕ್ಸ್ ಮೇಷ್ಟರು ಒಬ್ಬರು ಮರುಕಪಟ್ಟು, ರಿಜಿಸ್ಟರು ತೆಗೆದು, ನನ್ನ ಹೆಸರಿನ ಮುಂದಿದ್ದ ಖಾಲಿ ಚೌಕಗಳನ್ನೆಲ್ಲ ಒಂದೇ ಕೂರಿಕೆಯಲ್ಲಿ ತುಂಬಿಕೊಟ್ಟಿದ್ದರು. ಎದುರಿಗೆ ನಿಂತು ನೋಡಿದ್ದೆ. ಬೇರೆ ಬೇರೆ ದಿನ ಬರೆದ ಗುರುತು ಒಂದೊಂದು ಒಂದೊಂದು ಥರ ಇರುತ್ತದೆ. ಒಟ್ಟಿಗೆ ತುಂಬಿದವು ಗಾಳಿಗೆ ಬಾಗಿದ ಪೈರಿನ ಹಾಗೆ ಒಂದೇ ಕಡೆ ವಾಲಿರುತ್ತವೆ. ಅಕ್ಕೋರು ಕೇಳಿ ನಕ್ಕರು. ನಾನೂ ಧಾರವಾಡದಲ್ಲಿ ಎಷ್ಟು ಹುಡುಗರನ್ನು ಹಾಗೆ ದಾಟಿಸಿದ್ದೇನೆ ಎಂದರು.

ಮಾರ್ಚಿನಲ್ಲಿ ಮೂವತ್ತು ತರಗತಿ ಆರಿಸಲು ಕೂತೆ. ನಮ್ಮಿಷ್ಟದ ಹಾಗೆ ಆರಿಸುವಂತಿಲ್ಲ. ಅಡ್ಡಾದಿಡ್ಡಿ ಅಂಕಿಗಳ ಒಂದು ಕೋಷ್ಟಕ ಇರುತ್ತದೆ, ಕಣ್ಣು ಮುಚ್ಚಿ ಪೆನ್ಸಿಲ್ ಊರಿ ಅಲ್ಲಿಂದ ಮುಂದಿನ ಅಂಕಿಗಳನ್ನು ತೆಗೆದುಕೊಳ್ಳಬೇಕು. ಮೊದಲ ಸಲ ಪೆನ್ಸಿಲ್ ನನ್ನ ಕಾಫಿ ಲೋಟಕ್ಕೆ ಬಿತ್ತು. ಎರಡನೇ ಸಲ ಸರಿಯಾಗಿ ಬಿತ್ತು. ಹದಿನೇಳನೇ ಅಂಕಿ ಚರ್ಚಿನ ಹಾಲಿನ ತರಗತಿಯದು.

ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿದೆ. ಇಪ್ಪತ್ತಾರು ಹೆಸರು. ನೀಲಿ ಶಾಯಿಯ ಮೂರುಗಳು ಒಂದೊಂದು ದಿನ ಒಂದೊಂದು ಥರ ಇದ್ದವು. ನಡುನಡುವೆ ಹಸಿರು ಶಾಯಿಯ ಮೂರುಗಳು. ಹಸಿರಿನವೆಲ್ಲ ಒಂದೇ ಕಡೆ ವಾಲಿದ್ದವು. ಎಂಟು ತಿಂಗಳಿಂದ ಈ ಹಾಳೆಗಳು ಬರುತ್ತಿದ್ದವು, ಟೈಪು ಮಾಡುವ ಹುಡುಗಿ ಅಂಕಿ ನೋಡಿ ಒತ್ತುತ್ತಿದ್ದಳು, ಶಾಯಿ ಯಾರು ನೋಡುತ್ತಾರೆ? ನೋಡಲು ನನ್ನಂಥ ಹಾಜರಿಗಳ್ಳನೇ ಬೇಕಿತ್ತು.

ಹಾಳೆಯ ಮಾತು ಹಾಳೆಯಲ್ಲೇ ಮುಗಿಸುವ ಹಾಗಿಲ್ಲ. ಮಂಗಳವಾರ ಬೆಳಿಗ್ಗೆ ಎಣಿಸಲು ಹೋದೆ. ಅಕ್ಕೋರಿಗೆ ಸಂಭ್ರಮ. ಆಫೀಸಿನಿಂದ ದೊಡ್ಡ ಆಫೀಸರು ಬಂದಿದ್ದಾರೆ ಎಂದು ತರಗತಿಗೆ ಪರಿಚಯಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ವಿಯೆಟ್ನಾಮಿನ ದರ್ಜಿ ತಾತ, ಒಬ್ಬರಿಗೊಬ್ಬರು ಅಂಟಿಕೊಂಡು ಕೂತ ಇಬ್ಬರು ಅಫ್ಘಾನ್ ಅಜ್ಜಿಯರು, ತಲೆಯ ಮೇಲೆ ದುಪಟ್ಟಾ ಹೊದ್ದ ಪಂಜಾಬಿ ಅಮ್ಮ. ಚಪ್ಪಾಳೆ ತಟ್ಟುವ ಕೈಗಳನ್ನು ಎಣಿಸುವುದು ಸುಲಭ. ಇಪ್ಪತ್ತೆರಡು ಕೈ. ಹನ್ನೊಂದು ಜನ. ಹಿಂದಿನ ತಿಂಗಳ ಹಾಳೆಯ ಪ್ರಕಾರ ದಿನಕ್ಕೆ ಇಪ್ಪತ್ತೆರಡು ಜನ ಬಂದಿದ್ದರು. ಮಂಡಳಿಯ ನಿಯಮದ ಪ್ರಕಾರ ಸರಾಸರಿ ಹದಿನೈದಕ್ಕಿಂತ ಕೆಳಗಿಳಿದ ತರಗತಿಯನ್ನು ಮುಚ್ಚಬೇಕು.

ಆ ಭಾನುವಾರ ಊಟಕ್ಕೆ ಹೋದೆ. ಮಾತಾಡದಿರಲಿಕ್ಕೆ ಬಾಯಿ ತುಂಬಿಕೊಳ್ಳುವುದು ಒಳ್ಳೆಯ ಉಪಾಯವೆಂದು ಆರು ರೊಟ್ಟಿ ತಿಂದೆ. ಏಳನೆಯದು ಹಾಕುತ್ತಾ ಅಕ್ಕೋರು ಕೇಳಿದರು, ಮಂಗಳವಾರ ನಮ್ಮ ಮಂದಿನ್ನ ನೋಡಿದೆಯಲ್ಲ, ಹೆಂಗದಾರ? ಚೆನ್ನಾಗಿದ್ದಾರೆ ಎಂದೆ. ಪೇಪರಿನ ಹಿಂದಿನಿಂದ ಅವರ ಗಂಡ ಅವತ್ತು ಮೂರನೆಯ ಮಾತೊಂದನ್ನು ಆಡಿದರು: "ಇಂವ ಇವತ್ತ ಸುಮ್ಮ ಅದಾನ." ಮನೆಗೆ ಬಂದು, ಹೊಟ್ಟೆ ಹಿಡಿದುಕೊಂಡು ಮಲಗಿದೆ. ಸಿಂಕಿನಲ್ಲಿ ಕೆಚಪ್ಪಿನ ತಟ್ಟೆ ಇತ್ತು.

ಬುಧವಾರ ಒಂದು ಯೋಚನೆ ಹುಟ್ಟಿತು. ಬರೆಯಲು ನಾಚಿಕೆಯಾಗುತ್ತದೆ. ಪೆದ್ದುತನಕ್ಕೆ ಇಡೀ ಆಫೀಸಿನಲ್ಲಿ ನನಗೆ ಹೆಸರಿತ್ತು. ಇಸವಿ ಕೂಡಿದವನು, ಗ್ರಾಫು ಮಗುಚಿದವನು. ಇಂಥವನು ಒಂದು ಫೈಲನ್ನು ಕಾರಿನ ತಲೆಯ ಮೇಲಿಟ್ಟು ಮರೆತು ಹೊರಟರೆ ಯಾರಿಗೆ ಆಶ್ಚರ್ಯ? ಹಾಳೆಗಳು ಕೊಲ್ಲಿಯ ಪಾಲಾಗುತ್ತವೆ. ಎಲ್ಲರೂ ನಗುತ್ತಾರೆ. ಮೂಲ ಹಾಳೆ ಸಿಗದ ತರಗತಿಯ ಬದಲು ಪಟ್ಟಿಯ ಮುಂದಿನ ಅಂಕಿ ತೆಗೆದುಕೊಂಡರಾಯಿತು. ಭಾನುವಾರ ಹತ್ತು ಗಂಟೆಗೆ ಫೋನು ಬರುತ್ತದೆ.

ಮನೆಯಲ್ಲಿ ಕೂತು ನೋಡುತ್ತೇನೆ ಎಂದು ಹೇಳಿ ಸಂಜೆ ಫೈಲು ಎತ್ತಿಕೊಂಡು ಹೊರಟೆ. ನನ್ನ ಕಾರು ಹಳೆಯದು, ತಲೆಯ ಮೇಲೆ ಸಾಮಾನು ಕಟ್ಟುವ ಕಂಬಿ ಇತ್ತು. ಫೈಲನ್ನು ಮೇಲಿಟ್ಟೆ. ಪಾರ್ಕಿಂಗು ದಾಟಿದೆ. ಮೊದಲ ತಿರುವಿನಲ್ಲಿ ಬೀಳುತ್ತದೆ ಅಂದುಕೊಂಡೆ, ಬೀಳಲಿಲ್ಲ. ರೈಲು ಹಳಿಯ ಮೇಲೆ ಬೇಕೆಂತಲೇ ಕುಲುಕಿಸಿದೆ. ಹಿಂದಿನ ಕಾರಿನವನು ಹಾರ್ನು ಹೊಡೆದು ಕೈ ತೋರಿಸಿದ. ನಾನೂ ಕೈ ಬೀಸಿದೆ. ಕನ್ನಡಿಯಲ್ಲಿ ನೋಡುತ್ತಾ ನೋಡುತ್ತಾ ಟೋಲ್ ಗೇಟಿಗೆ ಬಂದೆ. ಜೀವಮಾನದಲ್ಲಿ ಮೊದಲ ಸಲ ಬೇಕೆಂದು ಮಾಡಿದ ತಪ್ಪು, ಅದನ್ನೂ ಸರಿಯಾಗಿ ಮಾಡಲಾಗಲಿಲ್ಲ. ಫೈಲು ಕಂಬಿಗೆ ಸಿಕ್ಕಿಕೊಂಡು ಭದ್ರವಾಗಿ ಕೂತಿತ್ತು. ಟೋಲು ತೆಗೆದುಕೊಳ್ಳುವ ಮುದುಕ ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಅದನ್ನು ಬಿಡಿಸಿಕೊಂಡ. ನನ್ನ ಮುಖ ನೋಡಿದ.

"ಇದು ನಿಮ್ದಾ?"

ಅಲ್ಲ ಅಂದಿದ್ದರೆ ಅವನು ಅದನ್ನು ಯಾವುದೋ ಡಬ್ಬಿಗೆ ಹಾಕುತ್ತಿದ್ದ. ಹಿಂದೆ ಕಾರುಗಳ ಸಾಲು ನಿಂತಿತ್ತು. ಫೈಲಿನ ಬಾಯಿಂದ ಒಂದು ಹಾಳೆ ಇಣುಕುತ್ತಿತ್ತು, ಅದರ ಮೇಲೆ ಅಕ್ಕೋರ ದುಂಡನೆಯ ಕೈಬರಹ. ದರ್ಜಿ ತಾತನ ಉದ್ದನೆಯ ಹೆಸರನ್ನು ಒಂದಕ್ಷರ ಬಿಡದೆ ಬರೆದಿದ್ದರು. ನಮ್ಮ ಕಂಪ್ಯೂಟರು ಆ ಹೆಸರನ್ನು ಯಾವಾಗಲೂ ಅರ್ಧಕ್ಕೆ ತುಂಡರಿಸುತ್ತಿತ್ತು.

ಹೌದು, ನನ್ನದು ಅಂದೆ.

ಮಾರನೆಯ ಬೆಳಿಗ್ಗೆ ಕಂಟ್ರೋಲರ್ ಎದುರು ಫೈಲಿಟ್ಟು ನಿಂತೆ. ಹಸಿರು ಮೂರುಗಳನ್ನು ತೋರಿಸಿದೆ, ಹನ್ನೊಂದು ಜನ ಎಣಿಸಿದ್ದನ್ನು ಹೇಳಿದೆ. ಆಕೆ ಹಾಳೆ ತಿರುವಿ, ಎಷ್ಟು ತಿಂಗಳಿಂದ ಎಂದು ಕೇಳಿ ಗುರುತು ಹಾಕಿಕೊಂಡರು. ಆಮೇಲೆ ನಾನು ಇನ್ನೂ ನಿಂತೇ ಇರುವುದನ್ನು ನೋಡಿದರು.

"ಆ ಟೀಚರು ನನಗೆ ಗೊತ್ತು" ಅಂದೆ.

"ಎಷ್ಟು ಗೊತ್ತು?"

"ಭಾನುವಾರ ಅವರ ಮನೇಲಿ ಊಟ ಮಾಡ್ತೀನಿ."

"ಯಾವ ಭಾನುವಾರ?"

"ಎಲ್ಲಾ ಭಾನುವಾರ."

ಆಕೆ ಕನ್ನಡಕ ತೆಗೆದು ಸರಪಳಿಗೆ ಬಿಟ್ಟರು. "ಹಾಗಾದ್ರೆ ಈ ತರಗತಿಯ ಪರಿಶೀಲನೆಗೆ ನೀನು ಸಹಿ ಹಾಕೋ ಹಾಗಿಲ್ಲ. ನಾನು ಹಾಕ್ತೀನಿ, ಪ್ರತಿ ಹಾಳೆ ನಾನೇ ನೋಡ್ತೀನಿ. ಆದ್ರೆ ಹಾಳೆ ತಿದ್ದಬೇಕಾದವರು ಟೀಚರೇ, ಅವರ ಕೈಯಿಂದಲೇ. ಅವರ ಹತ್ರ ಹೋಗಿ ಕೂತ್ಕೊಳ್ಳೋನು ನೀನು."

ಬೇರೆ ಯಾರನ್ನಾದರೂ ಕಳಿಸಿ ಎಂದು ಬೇಡಿಕೊಂಡೆ.

"ಅವರು ಇದನ್ನ ಬೇರೆಯವರ ಬಾಯಿಂದ ಕೇಳಬೇಕು ಅಂತೀಯಾ?" ಅಂದರು.

ನಾನು ಫೈಲು ಎತ್ತಿಕೊಂಡೆ.

ಶುಕ್ರವಾರ ತರಗತಿ ಇರುವುದಿಲ್ಲ. ಚರ್ಚಿನ ಹಾಲಿನಲ್ಲಿ ಉದ್ದನೆಯ ಮೇಜಿಗೆ ಎದುರುಬದುರು ಕೂತೆವು. ನಾನು ಹೇಳಲು ಶುರು ಮಾಡಿ, ಮಧ್ಯದಿಂದ ಹಿಂದಕ್ಕೆ ಹೋಗಿ, ತುದಿಯನ್ನು ಮೊದಲು ಹೇಳಿ, ಅಂತೂ ಹೇಳಿ ಮುಗಿಸಿದೆ. ಅಕ್ಕೋರಿಗೆ ಮೊದಲು ಏನು ತಪ್ಪಾಗಿದೆ ಎಂದೇ ತಿಳಿಯಲಿಲ್ಲ. ಹಸಿರಿನವು ತಾವೇ ಹಾಕಿದ್ದೆಂದು ತಕ್ಷಣ ಒಪ್ಪಿಕೊಂಡರು. ಯಾರಾದರೂ ಬಾರದಿದ್ದರೆ ಚೌಕ ಖಾಲಿ ಬಿಡುವುದು. ಮುಂದಿನ ಸಲ ಬಂದಾಗ ಕಾರಣ ಕೇಳುವುದು. ಕಾರಣ ನ್ಯಾಯವಾಗಿದ್ದರೆ ಶುಕ್ರವಾರ ಮನೆಯಲ್ಲಿ ಕೂತು ಹಾಜರಿ ಕೊಡುವುದು.

"ಅಲ್ಲೋ ತಮ್ಮಾ, ಮೊಮ್ಮಗಳಿಗೆ ಜ್ವರ ಬಂದ್ರ ಮುದುಕಿ ಹೆಂಗ ಬರ್ತಾಳ? ಅದಕ್ಕ ಆಕಿ ಹಾಜರಿ ಕಡದ್ರ, ಕಡೀಕ ಆಕಿಗೆ ಸರ್ಟಿಫಿಕೇಟ್ ಕೊಡೋದಿಲ್ಲ ಅಂದ್ರ?"

ಇಲ್ಲಿ ಹಾಜರಿ ಕಡಿಮೆಯಾದರೆ ವಿದ್ಯಾರ್ಥಿಗೆ ಏನೂ ಆಗುವುದಿಲ್ಲ ಎಂದೆ. ನೀವು ಬರೆಯುವ ಒಂದೊಂದು ಮೂರೂ ಕಾಲೇಜು ಸರಕಾರಕ್ಕೆ ಕಳಿಸುವ ಬಿಲ್ಲು ಎಂದೆ. ಅಕ್ಕೋರು ಒಂದು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡು ಹಸಿರು ಮೂರುಗಳ ಮೇಲೆ ಬೆರಳಾಡಿಸಿದರು.

"ಹಾಜರಿ ಅಂದ್ರ ನಾ ಅವರಿಗೆ ಕೊಡೋದು ಅಂತ ತಿಳಿದಿದ್ದೆ" ಎಂದರು. "ಸರಕಾರದ ಕಡಿಂದ ಇಸ್ಕೊಳ್ಳೋದು ಅಂತ ನನಗ ಯಾರ್ ಹೇಳ್ಯಾರ?"

ಯಾರೂ ಹೇಳಿರಲಿಲ್ಲ, ನಿಜ. ಹಾಜರಿ ನಿಯಮದ ತರಬೇತಿಗೆ ಕಾಯಂ ಟೀಚರುಗಳನ್ನು ಮಾತ್ರ ಕರೆಯುತ್ತಿದ್ದರು.

ಆಕೆ ಚೀಲದಿಂದ ಕೆಂಪು ಪೆನ್ನು ತೆಗೆದರು. ನಾನು ಹಸಿರು ಮೂರು ಇರುವ ದಿನ, ಹೆಸರು ಓದುವುದು. ಆಕೆ ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಹಾಕುವುದು. ಇಷ್ಟೇ ಕೆಲಸ. ಆದರೆ ಪ್ರತಿ ಗೆರೆಗೂ ಅವರು ಕಾರಣ ಹೇಳುತ್ತಾ ಹೋದರು, ಒಂದು ಚೀಟಿಯನ್ನೂ ನೋಡದೆ. ಅವತ್ತು ಇವರ ಸೊಸೆಗೆ ಓವರ್‌ಟೈಮು, ಮಗು ನೋಡಿಕೊಳ್ಳಲು ಯಾರೂ ಇರಲಿಲ್ಲ. ಆ ವಾರ ಇವರ ಮಗ ಕಾರು ತಂದಿರಲಿಲ್ಲ, ಬಸ್ಸಿನ ಇಂಗ್ಲಿಷು ಓದಲು ಇನ್ನೂ ಬಾರದು. ದರ್ಜಿ ತಾತನ ಹೆಂಡತಿಯ ವರ್ಷದ ತಿಥಿ. ಅಫ್ಘಾನ್ ಅಜ್ಜಿಗೆ ಪತ್ರ ಬಂದಿತ್ತು, ತಮ್ಮ ತೀರಿಹೋಗಿದ್ದ, ಹದಿನೈದು ದಿನ ಹೊರಗೆ ಬರಲಿಲ್ಲ, ಹದಿನಾರನೇ ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತಳು. ಪಂಜಾಬಿ ಅಮ್ಮ ಆ ಸೋಮವಾರ ಬಾಗಿಲವರೆಗೂ ಬಂದು, ಕಾಲಿಗೆ ಮಗನ ಬೂಟು ಹಾಕಿಕೊಂಡು ಬಂದದ್ದು ಗೊತ್ತಾಗಿ ನಾಚಿ ವಾಪಸು ಹೋಗಿದ್ದಳು.

"ಬಾಗಿಲ ತನಕಾ ಬಂದಿದ್ದಳಲ್ಲ" ಎಂದು ಅಕ್ಕೋರು ಪೆನ್ನು ಎತ್ತಿ ಹಿಡಿದರು. "ಇದಕ್ಕೂ ಇಲ್ಲೇನು?"

"ಇಲ್ಲ ಅಕ್ಕೋರೇ. ಮೂರು ಗಂಟೆ ಕೂತಿದ್ರೆ ಮಾತ್ರ."

ಗೆರೆ ಎಳೆದರು.

ಒಂದು ದಿನದಲ್ಲಿ ಮುಗಿಯಲಿಲ್ಲ. ಸೋಮವಾರ ತರಗತಿ ಮುಗಿದ ಮೇಲೆ ಮತ್ತೆ ಕೂತೆವು. ನಡುವೆ ಒಂದು ಭಾನುವಾರ ಬಂದು ಹೋಯಿತು, ಫೋನು ಬರಲಿಲ್ಲ. ಹತ್ತರಿಂದ ಹನ್ನೊಂದರವರೆಗೆ ನಾನು ಫೋನಿನ ಹತ್ತಿರ ಬೇರೇನೋ ಕೆಲಸ ಇರುವವನ ಹಾಗೆ ಓಡಾಡುತ್ತಿದ್ದೆ. ಮೊಸರಿನವನು ಎದ್ದುಬಂದು, ಯಾರಿಗಾದರೂ ಕಾಯುತ್ತಿದ್ದೀಯಾ ಎಂದು ಕೇಳಿದ. ಅವನ ದನಿ ಅಷ್ಟು ಸಣ್ಣಗಿದೆ ಎಂದು ಅವತ್ತೇ ಗೊತ್ತಾದದ್ದು.

ಕಡೆಯ ಹಾಳೆಯ ಕಡೆಯ ಗೆರೆ ಎಳೆದು ಅಕ್ಕೋರು ಪೆನ್ನಿನ ಮುಚ್ಚಳ ಹಾಕಿದರು. ಇನ್ನು ಎಷ್ಟು ಮಂದಿ ಉಳಿದರು ಎಂದು ಕೇಳಿದರು. ದಿನಕ್ಕೆ ಹನ್ನೆರಡು ಎಂದೆ. ಹದಿನೈದರ ನಿಯಮ ಅವರಿಗೂ ಗೊತ್ತಿತ್ತು. ಹಾಳೆಗಳ ಅಂಚು ಸರಿಮಾಡಿ ನನ್ನ ಕಡೆ ತಳ್ಳಿದರು.

"ನಿನಗ ಮೈಸೂರಾಗ ಹಾಜರಿ ಕೊಟ್ಟಿದ್ರಲ್ಲ, ಆ ಮಾಸ್ತರು. ಅವರು ಮಾಡಿದ್ದು ತಪ್ಪೇನು?"

"ಗೊತ್ತಿಲ್ಲ ಅಕ್ಕೋರೇ."

"ಅವರು ಕೊಡದಿದ್ರ ನೀ ಇಲ್ಲಿ ಕೂತು ನಂದು ಎಣಸ್ತಿರಲಿಲ್ಲ" ಅಂದರು. ಸಿಟ್ಟಿನಿಂದಲ್ಲ. ಗುಣಾಕಾರ ತಿದ್ದಿದ ದಿನದ ದನಿಯಲ್ಲೇ. ಆಮೇಲೆ ಕುರ್ಚಿಗಳನ್ನು ಗೋಡೆಗೆ ಒರಗಿಸಲು ಎದ್ದರು. ಚರ್ಚಿನವರ ಜೊತೆಗಿನ ಒಪ್ಪಂದದಲ್ಲಿ ಅದೂ ಇತ್ತು. ಹನ್ನೆರಡು ಕುರ್ಚಿ. ನಾನು ಆರು ಮಡಿಸಿದೆ, ಒಂದರಲ್ಲಿ ಬೆರಳು ಸಿಕ್ಕಿಸಿಕೊಂಡೆ. ಇದನ್ನು ಮಾತ್ರ ಉತ್ಪ್ರೇಕ್ಷೆ ಮಾಡುತ್ತಿಲ್ಲ. ಆಕೆ ನೋಡಿದರು, ಉಳಿದ ಕುರ್ಚಿಗಳನ್ನು ಮಡಿಸಿದರು.

ನನ್ನ ಟಿಪ್ಪಣಿಯಲ್ಲಿ ಎರಡು ಪ್ಯಾರಾ ಇತ್ತು. ಮೊದಲನೆಯದು ಗಂಟೆಗಳ ಬಗ್ಗೆ. ಎರಡನೆಯದು, ಗಂಟೆ ಲೆಕ್ಕದ ಟೀಚರುಗಳಿಗೆ ಈ ನಿಯಮವನ್ನು ಯಾರೂ ಹೇಳಿಕೊಟ್ಟಿಲ್ಲ, ತಪ್ಪು ಆಫೀಸಿನದು ಎಂದು. ಎರಡನೆಯದನ್ನು ಕಂಟ್ರೋಲರ್ ಹೊಡೆದುಹಾಕುತ್ತಾರೆ ಅಂದುಕೊಂಡಿದ್ದೆ. ಆಕೆ ಅದನ್ನು ಎತ್ತಿ ಮೊದಲನೆಯದು ಮಾಡಿದರು. ತಿದ್ದಿದ ಗಂಟೆಗಳೊಂದಿಗೆ ಏಪ್ರಿಲ್ ವರದಿ ಹೋಯಿತು, ಅದರ ಕೆಳಗೆ ಮುಖ್ಯಸ್ಥರ ಸಹಿ ಬಿತ್ತು. ಹಣಕಾಸು ಸಮಿತಿಯ ಅಧ್ಯಕ್ಷರು, ಡ್ಯಾನ್‌ವಿಲ್ ಕಡೆಯ ನಿವೃತ್ತ ದಂತವೈದ್ಯರು, ಇದನ್ನು ಕಂಡುಹಿಡಿದವರು ಯಾರೆಂದು ಕೇಳಿ ನನ್ನ ಕೈ ಕುಲುಕಿದರು. ಗ್ರಾಫು ಮಗುಚಿದವನು ನಾನೇ ಎಂದು ಅವರಿಗೆ ನೆನಪಾಗಲಿಲ್ಲ.

ತರಗತಿ ಮುಚ್ಚುವ ತೀರ್ಮಾನ ಮೇ ಸಭೆಯಲ್ಲಿ ಆಯಿತು. ಚರ್ಚೆಯಿಲ್ಲದೆ ಒಟ್ಟಿಗೆ ಒಪ್ಪಿಗೆ ಕೊಡುವ ಬಾಬತ್ತುಗಳ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಹುಲ್ಲು ಕತ್ತರಿಸುವ ಯಂತ್ರದ ಖರೀದಿಗೂ ಜಿಮ್ನಾಷಿಯಮ್ಮಿನ ಛಾವಣಿ ರಿಪೇರಿಗೂ ನಡುವೆ ಅದಿತ್ತು. ಯಾರೂ ಓದಿ ಹೇಳಲಿಲ್ಲ. ಎಲ್ಲರೂ ಸಮ್ಮತಿ ಅಂದರು, ಮುಂದಿನ ವಿಷಯಕ್ಕೆ ಹೋದರು. ಸಾರ್ವಜನಿಕರ ಕುರ್ಚಿಗಳಲ್ಲಿ ಇದ್ದವರು ನಾನೊಬ್ಬ, ಕಾವಲುಗಾರ ಒಬ್ಬ.

ಬರುವ ಸೆಪ್ಟೆಂಬರಿನಿಂದ ಗಂಟೆ ಲೆಕ್ಕದ ಟೀಚರುಗಳೆಲ್ಲರಿಗೂ ಹಾಜರಿಯ ತರಬೇತಿ ಎಂದು ಗೊತ್ತಾಯಿತು. ಪ್ಲಾಸ್ಟಿಕ್ ಹಾಳೆಗಳನ್ನು ತಯಾರಿಸುವ ಕೆಲಸ ನನಗೇ ಬಂತು. ಪ್ರತಿಯೊಂದರ ಮೂಲೆಯಲ್ಲೂ 'ಮೇಲೆ' ಎಂದು ಬರೆದುಕೊಂಡೆ. ಆಫೀಸಿನಲ್ಲಿ ಮೊದಲಿನ ಹಾಗೇ ನಗಿಸುತ್ತಿದ್ದೆ. ಭಾನುವಾರಗಳಲ್ಲಿ ಪಕ್ಕದೂರು ಮೌಂಟನ್ ವ್ಯೂವರೆಗೆ ಸೈಕಲ್ ಹೊಡೆದು, ಅಲ್ಲಿ ಏನೂ ಕೆಲಸವಿಲ್ಲದ್ದರಿಂದ ತಿರುಗಿ ಬರುತ್ತಿದ್ದೆ. ಅಕ್ಕೋರ ಬೀದಿ ದಾರಿಯಲ್ಲೇ ಬರುತ್ತದೆ. ಒಂದು ಸಲ ಅವರ ಗಂಡ ಹೊರಗೆ ಗಿಡಕ್ಕೆ ನೀರು ಹಾಕುತ್ತಿದ್ದರು. "ಹೊಂಟ್ಯಾ" ಅಂದರು. ಹೂಂ ಅಂದೆ.

ಜುಲೈ ಕೊನೆಗೆ ಬೇರೊಂದು ಊರಿನ ವಯಸ್ಕರ ಶಾಲೆಯಿಂದ ನನ್ನ ಹೆಸರಿಗೆ ಲಕೋಟೆ ಬಂತು. ಅಕ್ಕೋರು ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದರು. ತಮ್ಮ ಬಗ್ಗೆ ವಿಚಾರಿಸಬಹುದಾದವರು ಎಂದು ಕೊಟ್ಟ ಹೆಸರುಗಳಲ್ಲಿ ನನ್ನದಿತ್ತು. ಫಾರಂ ಹಿಡಿದು ಕಂಟ್ರೋಲರ್ ಬಳಿ ಹೋದೆ. ಆಕೆ ಓದಿ, ನಿನಗೆ ಗೊತ್ತಿರುವುದನ್ನು ಬರಿ, ಆಫೀಸಿನ ಕಾಗದದ ಮೇಲೆ ಬೇಡ ಎಂದು ವಾಪಸು ಕೊಟ್ಟರು.

ಮನೆಯಲ್ಲಿ ಅಡಿಗೆಮನೆಯ ಮೇಜಿನ ಮೇಲೆ ಬಿಡಿಸಿಕೊಂಡು ಕೂತೆ. ನಾಲ್ಕನೇ ಪ್ರಶ್ನೆ: ಅರ್ಜಿದಾರರು ದಾಖಲೆಗಳನ್ನು ನಿಖರವಾಗಿ ಇಡುತ್ತಾರೆಯೇ? ಅದು ನನ್ನನ್ನು ತಿಂದುಹಾಕುತ್ತದೆ ಅಂದುಕೊಂಡಿದ್ದೆ. ಬರೆಯಲು ಹತ್ತು ನಿಮಿಷ ಹಿಡಿಯಲಿಲ್ಲ. ನಿಯಮ ತಿಳಿಯದೆ ಒಂದು ತಪ್ಪು ಮಾಡಿದ್ದರು, ತಿಳಿದ ಮೇಲೆ ತಮ್ಮ ಕೈಯಿಂದಲೇ ತಿದ್ದಿದರು, ಎಂಟು ತಿಂಗಳಲ್ಲಿ ಯಾರು ಯಾವ ದಿನ ಬರಲಿಲ್ಲ, ಯಾಕೆ ಬರಲಿಲ್ಲ ಎಂಬುದು ಅವರಿಗೆ ನೆನಪಿತ್ತು, ಇಷ್ಟು ನಿಖರವಾದ ದಾಖಲೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಒಂದು ಪದವೂ ಹೆಚ್ಚು ಮಾಡಿ ಬರೆಯಲಿಲ್ಲ. ನನ್ನ ಮಟ್ಟಿಗೆ ಅದು ದೊಡ್ಡ ಸಾಧನೆ.

ಸಿಕ್ಕಿಕೊಂಡದ್ದು ಮೊದಲನೇ ಪ್ರಶ್ನೆಯಲ್ಲಿ. ಅರ್ಜಿದಾರರನ್ನು ನೀವು ಹೇಗೆ ಬಲ್ಲಿರಿ? ಮೇಲಧಿಕಾರಿ, ಸಹೋದ್ಯೋಗಿ, ಸ್ನೇಹಿತ, ಇತರೆ. ನಾಲ್ಕು ಚೌಕ. ಮೇಲಧಿಕಾರಿ ನಾನಲ್ಲ. ಸಹೋದ್ಯೋಗಿ ಎಂದರೆ ಆಕೆಗೆ ಈಗ ನಮ್ಮಲ್ಲಿ ಕೆಲಸವೇ ಇಲ್ಲ. ಸ್ನೇಹಿತ ಎಂಬ ಚೌಕದ ಮೇಲೆ ಪೆನ್ನು ಇಟ್ಟು ಬಹಳ ಹೊತ್ತು ಕೂತೆ. ಅದನ್ನು ಹೇಳಬೇಕಾದವರು ಅವರು, ನಾನಲ್ಲ. ಕಡೆಗೆ ಇತರೆ ಎಂಬಲ್ಲಿ ಗುರುತು ಹಾಕಿದೆ. ಪಕ್ಕದಲ್ಲಿ ವಿವರಿಸಿ ಎಂದು ಅರ್ಧ ಗೆರೆ ಜಾಗ ಬಿಟ್ಟಿದ್ದರು. ಇವರ ಮನೆಯಲ್ಲಿ ಊಟ ಮಾಡಿದ್ದೇನೆ ಎಂದು ಬರೆದೆ.

ಶನಿವಾರ ಅಂಚೆಗೆ ಹಾಕಿದೆ. ಭಾನುವಾರ ಹತ್ತು ಗಂಟೆ ದಾಟುವವರೆಗೆ ಫೋನಿನ ದಾರಿ ನೋಡಿ, ಅನ್ನಕ್ಕೆ ಇಟ್ಟೆ.